ಫೋಲ್ಡರ್ ರಾಯರು

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಕಂಪ್ಯೂಟರ್ ಗೊತ್ತು ಎಂದು ಒಮ್ಮೆ ಸುದ್ದಿಯಾದರೆ ಸಾಕು, ಆ ಕಟ್ಟಡದಲ್ಲಿ ಯಾರ ಇಮೇಲ್ ಕೆಟ್ಟರೂ ಮೊದಲು ವಾಸನೆ ಬಡಿಯುವುದು ಅವರಿಗೆ. ನಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಪೀಠ ರಾಯರದು. ಅರ್ಧ ತೋಳಿನ ಬಿಳಿ ಅಂಗಿ, ಕೀಲಿಗೊಂಚಲಿನಲ್ಲಿ ಪೆನ್‌ಡ್ರೈವ್, ಕಂಕುಳಲ್ಲಿ ರಿಚಿ ಸ್ಟ್ರೀಟಿನಲ್ಲಿ ಚೌಕಾಶಿ ಮಾಡಿ ತಂದ ಹಾರ್ಡ್‌ಡಿಸ್ಕು. ಉಡುಪಿ ಕಡೆಯವರು. ಮದ್ರಾಸು ತಮಗೆ ಪರವೂರಲ್ಲ ಎನ್ನುವುದಕ್ಕೆ ಅವರ ಬಳಿ ದಾಖಲೆಯೂ ಉಂಟು: 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೇ ಸೇರಿತ್ತಲ್ಲ!

ಮೌಸ್ ಅವರ ಕೈಗೆ ಹೋಯಿತೆಂದರೆ ನಮ್ಮ ಮನೆಯಲ್ಲಿ ನಾವೇ ಅತಿಥಿಗಳು. ಮೇಲ್‌ಗಳ ತಲೆಬರಹಗಳನ್ನು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. "ವಿಮೆ ಕಂತು ಬಾಕಿ ಉಂಟಲ್ಲ ಮಾರಾಯ್ರೆ... ಇದೆಂತ, ತೂಕ ಇಳಿಸುವ ಕ್ಲಾಸಾ? ದುಡ್ಡು ಕಟ್ಟಿದ್ರಾ?" ಕಟ್ಟಿದ್ದೆ. ಹೋಗಿರಲಿಲ್ಲ. ಎರಡೂ ಸಂಗತಿ ನನ್ನ ಹೆಂಡತಿಗೆ ಒಟ್ಟಿಗೇ ತಿಳಿದವು.

ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವುದು ಅವರ ಜಾಯಮಾನವಲ್ಲ. ಮೈಸೂರಿನ ಮನೆಪತ್ರಗಳಿಗೆಂದು ನಾನು ಆಫೀಸಿನ ಬ್ರೌಸರಿನಲ್ಲಿ 'ಮೈಸೂರು' ಎಂಬ ಫೋಲ್ಡರ್ ಮಾಡಿದ್ದೆ. ಮನೆಯ ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್‌ನಲ್ಲಿ ಅದು ಕಾಣುತ್ತಿರಲಿಲ್ಲ. ಇಷ್ಟೇ ಸಮಸ್ಯೆ. ರಾಯರು 1986ರಿಂದ ಶುರುಮಾಡಿದರು. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಕ್ರಿಸ್ಪಿನ್ ಎಂಬಾತ ಐಮ್ಯಾಪ್ ರೂಪಿಸಿದ್ದು, ಅದಕ್ಕೂ ಪಾಪ್‌ಗೂ ಇರುವ ಅಂತರ, ಎಲ್ಲ ಬಂತು. "ಐಮ್ಯಾಪ್ ಅಂದ್ರೆ ಬ್ಯಾಂಕ್ ಲಾಕರ್. ಒಡವೆ ಸರ್ವರ್‌ನಲ್ಲೇ ಇರ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ಇರೋದು ಅದರ ಪಟ್ಟಿ. ಪಟ್ಟಿ ಹಾಳಾದ್ರೆ ಹರಿದು ಬಿಸಾಡಿ, ಹೊಸತು ಬರ್ಕೊಳ್ಳೋದು." ಹೇಳಿದ್ದು ಸರಿಯೇ. ಎಂಎಸ್‌ಎಫ್ ಎಂಬ ಆ ಪಟ್ಟಿಯ ಫೈಲು ಅಳಿಸಿದರೂ ಪತ್ರ ಹೋಗುವುದಿಲ್ಲ. ಆದರೆ ಕಾಣದ್ದು ಒಂದು ಫೋಲ್ಡರು, ಅವರು ಹರಿದದ್ದು ಎಲ್ಲ ಫೋಲ್ಡರುಗಳ ಪಟ್ಟಿ. ಅದಕ್ಕೆ ಮುನ್ನ ಬ್ಯಾಕಪ್. ಬ್ಯಾಕಪ್‌ಗೆ ಮುನ್ನ ಕಾಫಿ. ನಾನು ಒಂದು ಜಾಹೀರಾತನ್ನೂ ಅಳಿಸದೆ ಕೂಡಿಟ್ಟ ಅಷ್ಟೂ ವರ್ಷಗಳ ಮೇಲ್ ಸರ್ವರ್‌ನಿಂದ ಮತ್ತೆ ಒಂದೊಂದಾಗಿ ಇಳಿಯತೊಡಗಿತು. ನನ್ನವಳು ಅನ್ನಕ್ಕಿಟ್ಟಳು.

ಊಟವಾದ ಮೇಲೆ ಕಪ್ಪು ಪರದೆಯೊಂದನ್ನು ತೆರೆದು, 993ನೇ ಪೋರ್ಟಿನಲ್ಲಿ ಸರ್ವರನ್ನೇ ನೇರವಾಗಿ ಮಾತಾಡಿಸಿ, ಅದರ ಬಳಿಯಿದ್ದ ಫೋಲ್ಡರುಗಳ ಹೆಸರು ಹೇಳಿಸಿದರು. ಅಲ್ಲಿ 'ಮೈಸೂರು' ಇರಲಿಲ್ಲ. ಬದಲಿಗೆ ಆಂಪರ್ಸೆಂಡಿನಿಂದ ಶುರುವಾಗಿ ಹೈಫನ್ನಿನಲ್ಲಿ ಮುಗಿಯುವ ಏನೋ ಬೀಜಾಕ್ಷರ. "ಇದೇ ನಿಮ್ಮ ಮೈಸೂರು! ಐಮ್ಯಾಪ್‌ಗೆ ಕನ್ನಡ ಬರೂದಿಲ್ಲ, ಹೀಗೆ ಇಂಗ್ಲಿಷ್ ಅಕ್ಷರದಲ್ಲಿ ಸುತ್ತಿ ಇಟ್ಕೊಳ್ತದೆ. ಶುರುವಿಗೆ ಎಂತ ಉಂಟು ನೋಡಿ: ಡಿ, ಕೆ! ಊರಲ್ಲಿ ಡಿ.ಕೆ. ಅಂದ್ರೆ ದಕ್ಷಿಣ ಕನ್ನಡ, ಇಲ್ಲಿ ಪೆರಿಯಾರರ ದ್ರಾವಿಡರ್ ಕಳಗಂ!" ತಮ್ಮ ಹಾಸ್ಯಕ್ಕೆ ತಾವೇ ಕೆಮ್ಮು ಬರುವಷ್ಟು ನಕ್ಕರು. ನನ್ನ ಕನ್ನಡಾಭಿಮಾನಕ್ಕೆ ಪೆಟ್ಟಾಗಿತ್ತು. ನಾನು ನಗಲಿಲ್ಲ.

ಆಮೇಲೆ ಖಾತೆಯ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸಬ್‌ಸ್ಕ್ರೈಬ್ ತೆರೆದು, 'ಮೈಸೂರು' ಪಕ್ಕದ ಚೌಕದಲ್ಲಿ ಟಿಕ್ ಹಾಕಿದರು. ಫೋಲ್ಡರ್ ಬಂದು ಕೂತಿತು. ಸಬ್‌ಸ್ಕ್ರೈಬ್ ಆಗದ ಫೋಲ್ಡರನ್ನು ಥಂಡರ್‌ಬರ್ಡ್ ತಾನಾಗಿ ತೋರಿಸುವುದಿಲ್ಲವಂತೆ. ಇದು ಅವರಿಗೆ ಬೆಳಿಗ್ಗೆ ಚಪ್ಪಲಿ ಬಿಡುವಾಗಲೇ ಗೊತ್ತಿತ್ತೆಂದು ನನ್ನ ಬಲವಾದ ಗುಮಾನಿ.

ಗುಮಾನಿಗೆ ಆಧಾರ ಕೊಟ್ಟವರು ಮೂರನೇ ಮಹಡಿಯ ಮಾಮಿ. ಅವರ ಮನೆಗೂ ಇದೇ ರೋಗ ತಗಲಿತ್ತು. ರಾಯರು ಬಂದು, ಟಿಕ್ ಹಾಕಿ, ಕಾಫಿಯನ್ನೂ ಮುಟ್ಟದೆ ಹೊರಟುಬಿಟ್ಟರಂತೆ. "ಎಷ್ಟು ಚುರುಕು ನಿಮ್ಮ ರಾವ್ ಸಾರ್" ಎಂದರು ಮಾಮಿ. ನನಗೆ ಸಿಟ್ಟು ಬಂತು. ಲಿಫ್ಟು ಇಳಿಯುವಷ್ಟರಲ್ಲಿ ಅದು ಇಳಿದೂ ಹೋಯಿತು. ರಾಯರಿರುವ ಮಗನ ಮನೆಯಲ್ಲಿ ಸೊಸೆಯದು ತಮಿಳು, ಮೊಮ್ಮಕ್ಕಳದು ಇಂಗ್ಲಿಷು. ಮಗ ಮನೆಗೆ ಬರುವ ಹೊತ್ತಿಗೆ ರಾಯರಿಗೆ ನಿದ್ದೆ. ಹೆಂಡತಿ ತೀರಿಕೊಂಡ ಮೇಲೆ "ಎಂತ ಮಾರಾಯ್ತಿ" ಎಂದು ಗೊಣಗಲು ಆ ಮನೆಯಲ್ಲಿ ಯಾರೂ ಇಲ್ಲ. ನಮ್ಮ ಮನೆಯಲ್ಲಾದರೆ ನಾವಿಬ್ಬರು, ಜೊತೆಗೆ ಒಂದು ಕಂಪ್ಯೂಟರು. ಗೊಣಗಾಟಕ್ಕೆ ಮೂವರೂ ಸಿಗುತ್ತೇವೆ.

ಹಾಗಂತ ಆಫೀಸಿಗೆ ಹೊರಡುವ ಗಳಿಗೆಯಲ್ಲಿ ಕರುಣೆ ನಿಲ್ಲುವುದಿಲ್ಲ. ಈಚೆಗೆ 'ಕಳಿಸಿದ್ದು' ಫೋಲ್ಡರ್ ಕೈಕೊಟ್ಟಾಗ, ಮಾಮಿಯ ಮನೆಯ ವೇಗ ನಮಗೂ ಸಿಗಲೆಂದು ತಮಿಳಿನಲ್ಲೇ ಶುರುಮಾಡಿದೆ: "ಸಾರ್, ಕೊಂಜಂ ಸೀಕ್ಕಿರಂ ಪಾತ್ತು ಕುಡುಂಗ." ರಾಯರು ಮೌಸ್ ಬಿಟ್ಟು, ಕುರ್ಚಿಯನ್ನು ಪೂರ್ತಿ ನನ್ನತ್ತ ತಿರುಗಿಸಿದರು.

"ಎಂತ ಉಚ್ಚಾರ ಮಾರಾಯ್ರೆ! ಇಷ್ಟು ವರ್ಷ ಮದ್ರಾಸಿನಲ್ಲಿದ್ದು ಹೀಗಾ? ಫೋಲ್ಡರ್ ಆಮೇಲೆ. ಬ್ಯಾಗ್ ಕೆಳಗಿಟ್ಟು ಕೂತ್ಕೊಳ್ಳಿ ಮೊದಲು."