ಶಿರಸ್ತ್ರಾಣ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆರಂಭಿಸಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ, 'ಹೇಲೋ' ಎಂಬ ವಿಡಿಯೊ ಗೇಮಿನ ನಾಯಕ ಮಾಸ್ಟರ್ ಚೀಫ್ ತೊಡುವ ಹಸಿರು ಶಿರಸ್ತ್ರಾಣವನ್ನು ಅಭಿಮಾನಿಗಳು ಜೇಡಿಯಲ್ಲಿ ತಿದ್ದಿ, ರಬ್ಬರಿನಲ್ಲಿ ಅಚ್ಚು ತೆಗೆದು, ರೆಸಿನ್ನಿನಲ್ಲಿ ಎರಕ ಹೊಯ್ಯುವ ವಿದ್ಯೆ. ಅಧಿಕಾರಿಗಳು ಯಾರೆಂದರೆ, ಗಾಳಿಯಾಡುವ ಗ್ಯಾರೇಜೋ ತಾರಸಿಯೋ ಉಳ್ಳವರು, ಮೂಗು ಬಾಯಿಗೆ ರೆಸ್ಪಿರೇಟರ್ ಕಟ್ಟಿಕೊಳ್ಳಲು ನಾಚದವರು, 'ಇದೆಲ್ಲ ಯಾಕಪ್ಪಾ?' ಎಂಬ ಪ್ರಶ್ನೆ ಕಿವಿಗೆ ಬೀಳದಷ್ಟು ಪಳಗಿದವರು. ಪ್ರಯೋಜನ ಇಲ್ಲ. ಸಂಬಂಧದ ಸಂಗತಿ ಮುಂದೆ ತಾನಾಗಿ ತಿಳಿದೀತು. ಲೋಕ ಈ ವಸ್ತುವನ್ನು ಪ್ರತಿಕೃತಿ ಎನ್ನುತ್ತದೆ. ನಮ್ಮ ಸಿದ್ಧಾಂತ ಇದಕ್ಕೆ ಒಪ್ಪುವುದಿಲ್ಲ. ಪ್ರತಿಕೃತಿ ಎನಿಸಿಕೊಳ್ಳಲು ಮೂಲವೊಂದು ಬೇಕು. ಇಲ್ಲಿ ಆ ಮೂಲವೇ ಇಲ್ಲ. ಗ್ಯಾರೇಜಿನ ಎರಕದಿಂದ ಹೊರಬಂದದ್ದೇ ಮೊಟ್ಟಮೊದಲ ಶಿರಸ್ತ್ರಾಣ. ಪರದೆಯ ಮೇಲಿದ್ದದ್ದು ಅದರ ಬಗ್ಗೆ ಮುಂಚಿತವಾಗಿ ಹಬ್ಬಿದ್ದ ವದಂತಿ.

ಮೊದಲು ಪ್ರತ್ಯಕ್ಷ ಪ್ರಮಾಣ. 2001ರ ನವೆಂಬರ್ 15ರಂದು ಎಕ್ಸ್‌ಬಾಕ್ಸ್ ಜೊತೆಗೇ ಮಾರುಕಟ್ಟೆಗೆ ಬಂದ, ಬಂಜಿ ಕಂಪನಿಯ 'ಹೇಲೋ: ಕಾಂಬ್ಯಾಟ್ ಇವಾಲ್ವ್ಡ್'ನಲ್ಲಿ ಈ ಶಿರಸ್ತ್ರಾಣ ಜನರಿಗೆ ಕಾಣಿಸಿತು. ಕಾಣಿಸಿತು ಎನ್ನಬಹುದು, ಇತ್ತು ಎನ್ನಲಾಗದು. ಗೇಮಿನೊಳಗೆ ಅದು ತ್ರಿಕೋನಗಳನ್ನು ಅಂಚಿಗೆ ಅಂಚು ಕೂಡಿಸಿದ ಬರೀ ಮೇಲ್ಮೈ. ದಪ್ಪ ಸೊನ್ನೆ, ತೂಕ ಸೊನ್ನೆ. ಇಂಥ ಮೇಲ್ಮೈ ಹೊರಗಿನಿಂದ ನೋಡಿದರೆ ಉಂಟು. ಒಳಗೆ ಹೊಕ್ಕು ನೋಡಿದರೆ, ಯಾರೂ ನೋಡದ ಬದಿಯನ್ನು ಚಿತ್ರಿಸುವ ಶ್ರಮವನ್ನು ಯಂತ್ರ ವಹಿಸಿಕೊಳ್ಳದ ಕಾರಣ, ಇಲ್ಲ. ಆಡುವವರು ಉದ್ದಕ್ಕೂ ನಾಯಕನ ಕಣ್ಣಿನಿಂದಲೇ ಜಗತ್ತನ್ನು ನೋಡುವುದರಿಂದ ತಾವು ತೊಟ್ಟದ್ದು ಅವರಿಗೆ ಕಾಣುವುದೂ ಅಪರೂಪ, ವಾಹನ ಓಡಿಸುವಾಗಲೋ ಕಥಾದೃಶ್ಯ ನಡೆಯುವಾಗಲೋ ಮಾತ್ರ. ಕೊನೆಯ ದೃಶ್ಯದಲ್ಲಿ ಮಾಸ್ಟರ್ ಚೀಫ್ ಶಿರಸ್ತ್ರಾಣವನ್ನು ಕಳಚುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಕ್ಯಾಮೆರಾ ಸಂಕೋಚಪಟ್ಟು ಬೇರೆ ಕಡೆ ಸರಿದುಬಿಡುತ್ತದೆ. ಇಷ್ಟಕ್ಕೆ ಸುಮ್ಮನಾಗದ ಜಿಜ್ಞಾಸುಗಳು ಗೇಮನ್ನು ಬಗೆದು, ಕ್ಯಾಮೆರಾದ ಕತ್ತು ತಿರುಗಿಸಿ ನೋಡಿದರು. ಕಳಚಿದ ಶಿರಸ್ತ್ರಾಣದ ಕೆಳಗೆ ಕಂಡದ್ದು ಅಂಥದೇ ಇನ್ನೊಂದು ಶಿರಸ್ತ್ರಾಣ! ಅದರ ಕೆಳಗೆ ಏನಿದ್ದೀತೆಂದು ಕೇಳಿದರೆ ಪ್ರಶ್ನೆಗೆ ಕೊನೆಯೇ ಇರದು. ತಾರ್ಕಿಕರು ಅನವಸ್ಥಾದೋಷವೆಂದು ಹೆದರಿ ಓಡುವ ಜಾಗದಲ್ಲಿ ಗೇಮಿನ ಕಲಾವಿದರು ಒಂದು ತಲೆಯನ್ನು ತಿದ್ದುವ ಕೆಲಸ ಉಳಿಸಿಕೊಂಡಿದ್ದರು. ತಲೆಯನ್ನು ಕಾಯುವುದು ಶಿರಸ್ತ್ರಾಣದ ಲಕ್ಷಣವಾದರೆ, ತಲೆಯೇ ಇಲ್ಲದ ಕಡೆ ಲಕ್ಷಣ ಎಲ್ಲಿ ಕೂತೀತು?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಗೇಮಿನ ಕಲಾ ನಿರ್ದೇಶಕ ಮಾರ್ಕಸ್ ಲೆಹ್ಟೊ ಮತ್ತವರ ಜೊತೆಗಾರರು ಬರೆದ ಚಿತ್ರಗಳಿವೆಯಲ್ಲ, ಅವೇ ಮೂಲ ಎನ್ನುತ್ತಾರೆ. ಕಾಗದದ ಮೇಲಿನ ಗೆರೆಗೂ ದಪ್ಪವಿಲ್ಲ. ಒಂದು ಸೊನ್ನೆಯ ಸಾಲವನ್ನು ಇನ್ನೊಂದು ಸೊನ್ನೆ ತೀರಿಸಲಾರದು. ಅಲ್ಲದೆ ಯಾವ ಚಿತ್ರ? 2004ರ ಎರಡನೆಯ ಭಾಗದಲ್ಲಿ ಕವಚ ಬದಲಾಯಿತು, 2012ರ ನಾಲ್ಕನೆಯದರಲ್ಲಿ ಮತ್ತೆ ಬದಲಾಯಿತು, 2021ರ 'ಹೇಲೋ ಇನ್‌ಫಿನಿಟ್'ನಲ್ಲಿ ಇನ್ನೊಮ್ಮೆ. ಇಷ್ಟು ಸಲ ಮಾತು ತಿರುಗಿಸುವ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ನಂಬುವುದಿಲ್ಲ. ಹಾಗಾದರೆ 2007ರಲ್ಲಿ ನೀಲ್ ಬ್ಲಾಮ್‌ಕ್ಯಾಂಪ್ ನಿರ್ದೇಶಿಸಿದ ಕಿರುಚಿತ್ರಗಳಿಗೆಂದು ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್ ನಿಜವಾದ ಕವಚಗಳನ್ನೇ ಮಾಡಿತ್ತಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಆಕ್ಷೇಪವಲ್ಲ, ನಮಗೆ ಸಿಕ್ಕ ಬೆಂಬಲ. ಆ ಕುಶಲಿಗಳೂ ಇಲ್ಲದ ಒಳಮೈಯನ್ನು ತಾವೇ ಊಹಿಸಿ, ಒಬ್ಬ ಮನುಷ್ಯನ ಕಿವಿ ಮುರಿಯದಂತೆ ಅದನ್ನು ಕಟ್ಟಬೇಕಾಯಿತು. ಎಂದ ಮೇಲೆ ಅವರು ಗ್ಯಾರೇಜು ದೊಡ್ಡದಿರುವ ನಮ್ಮ ಪಕ್ಷದವರು. 2022ರ ಟಿವಿ ಸರಣಿಯನ್ನು ಇಲ್ಲಿ ಎತ್ತುವುದೇ ಅಪಾಯ. ಅದರ ಮೊದಲ ಕಂತಿನಲ್ಲೇ ನಾಯಕ ಶಿರಸ್ತ್ರಾಣ ಕಳಚಿ ಮುಖ ತೋರಿಸಿದ. ಒಳಗೆ ಮುಖವಿದ್ದದ್ದೇ ದೊಡ್ಡ ಅಪರಾಧವೆಂಬಂತೆ ಅಭಿಮಾನಿಗಳಲ್ಲಿ ಅನೇಕರು ಕೆರಳಿದರು. ಇಪ್ಪತ್ತು ವರ್ಷದ ಭಕ್ತಿ ತಲೆಗೆ ಸಂದದ್ದಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೇ?

ಇನ್ನು ಗ್ಯಾರೇಜಿನ ಶಿರಸ್ತ್ರಾಣ ಸತ್ಯವೆಂದು ಹೇಗೆ ಹೇಳುವುದು? ಧರ್ಮಕೀರ್ತಿ ಕೊಟ್ಟ ಅಳತೆಗೋಲು ಕೈಯಲ್ಲೇ ಇದೆ: ಏನಾದರೂ ಕಾರ್ಯ ಮಾಡಬಲ್ಲದ್ದೇ ಸತ್ತು. ಬೌದ್ಧ ತಾರ್ಕಿಕನ ಈ ಮಾತು ಜೇಡಿ ಮೆತ್ತುವವರಿಗೆ ಒಗ್ಗುವಷ್ಟು ಇನ್ನಾರಿಗೂ ಒಗ್ಗದು. ಶಿಲ್ಪಿಗಳು ಬಳಸುವ ಎಣ್ಣೆಯ ಜೇಡಿಯ ಕೆಲವು ಬಗೆಗಳಲ್ಲಿ ಗಂಧಕವಿರುತ್ತದೆ. ಅದರ ಮೇಲೆ ಪ್ಲಾಟಿನಂ ಜಾತಿಯ ಸಿಲಿಕೋನ್ ರಬ್ಬರ್ ಬಳಿದರೆ, ಜೇಡಿಗೆ ತಾಗಿದ ಪದರ ಗಟ್ಟಿಯಾಗದೆ ಅಂಟಂಟಾಗಿ ಉಳಿದು, ದುಬಾರಿ ರಬ್ಬರೆಲ್ಲ ಹಾಳಾಗುತ್ತದೆ. ತವರದ ಜಾತಿಯ ಸಿಲಿಕೋನ್‌ಗೆ ಈ ಮಡಿಯಿಲ್ಲ, ಆದರೆ ಕಾಲ ಕಳೆದಂತೆ ಅದು ಕುಗ್ಗುತ್ತದೆ. ಪರದೆಯ ಮೇಲಿನ ಶಿರಸ್ತ್ರಾಣ ಇದುವರೆಗೆ ಯಾರ ರಬ್ಬರನ್ನೂ ಕೆಡಿಸಿಲ್ಲ; ಆದ್ದರಿಂದ ಅದು ಅಸತ್ತು. ಜೇಡಿಯ ಬದಲು ಕಾಗದದಿಂದ ಆರಂಭಿಸುವ ಪಂಥವೂ ಒಂದುಂಟು. ಅವರು ಪೆಪಾಕುರಾ ಎಂಬ ಜಪಾನಿ ತಂತ್ರಾಂಶದಿಂದ ಗೇಮಿನ ತ್ರಿಕೋನಗಳನ್ನು ಕಾಗದದ ಮೇಲೆ ಬಿಡಿಸಿ, ಕತ್ತರಿಸಿ, ಅಂಟಿಸಿ, ಒಳಗೆ ಫೈಬರ್‌ಗ್ಲಾಸ್ ಹಾಸಿ, ಹೊರಗೆ ಕಾರಿನ ಡೆಂಟು ತುಂಬುವ ಪುಟ್ಟಿಯನ್ನು ಮೆತ್ತುತ್ತಾರೆ. ಎರಡೂ ಪಂಥಗಳು ಕೂಡುವ ಸಂಗಮವೆಂದರೆ ಉಪ್ಪುಕಾಗದ. 80ನೆಯ ನಂಬರಿನಿಂದ ಹಿಡಿದು 120, 220, 400 ಎಂದು ಏರುತ್ತ ಉಜ್ಜುವುದು, ಬೂದು ಪ್ರೈಮರ್ ಹೊಡೆಯುವುದು, ಪ್ರೈಮರ್ ಎತ್ತಿ ತೋರಿಸಿದ ಹೊಸ ಹೊಂಡಗಳನ್ನು ತುಂಬಿ ಮತ್ತೆ ಉಜ್ಜುವುದು. ಹೊರಗಿನವರಿಗೆ ಈ ಹಂತ ಬೇಸರದ್ದಾಗಿ ಕಾಣಬಹುದು. ಶಾಸ್ತ್ರದೃಷ್ಟಿಗೆ ಇದೇ ಮನನ, ಇದೇ ನಿದಿಧ್ಯಾಸನ. ಫಲವಾಗಿ ಧೂಳು ಅಂದೇ ಸಿಗುತ್ತದೆ, ಶಿರಸ್ತ್ರಾಣ ಎಂದೋ ಸಿಗುತ್ತದೆ.

ಅಚ್ಚಿನ ಪ್ರಕರಣ ಇನ್ನೂ ಸೂಕ್ಷ್ಮ. ಸಿಲಿಕೋನನ್ನು ಮೊದಲು ತೆಳ್ಳಗೆ, ಗೀರು ಗೀರಿಗೂ ಇಳಿಯುವಂತೆ ಬಳಿದು, ಆಮೇಲೆ ದಪ್ಪ ಪದರಗಳನ್ನು ಏರಿಸುತ್ತಾರೆ. ರಬ್ಬರಿಗೆ ತನ್ನ ಕಾಲ ಮೇಲೆ ನಿಲ್ಲುವ ತ್ರಾಣವಿಲ್ಲದ್ದರಿಂದ ಸುತ್ತ ಪ್ಲಾಸ್ಟರಿನದೋ ಫೈಬರ್‌ಗ್ಲಾಸಿನದೋ ಗಟ್ಟಿ ಕವಚವನ್ನು ಎರಡು ಹೋಳಾಗಿ ಮಾಡಿ ಬೋಲ್ಟು ಬಿಗಿಯುತ್ತಾರೆ. ಗಮನಿಸಿ: ಶಿರಸ್ತ್ರಾಣ ಹುಟ್ಟುವ ಮೊದಲೇ ಶಿರಸ್ತ್ರಾಣದ ಅಚ್ಚಿಗೆ ಶಿರಸ್ತ್ರಾಣ ಬೇಕಾಯಿತು. ನೈಯಾಯಿಕರು ಹೇಳುವ ನಾಲ್ಕು ಬಗೆಯ ಅಭಾವಗಳೂ ಒಂದೇ ಮೇಜಿನ ಮೇಲೆ ನೆರೆಯುವುದು ಇಲ್ಲಿಯೇ. ಖಾಲಿ ಅಚ್ಚಿನಲ್ಲಿ ಇನ್ನೂ ಹುಟ್ಟದ ಶಿರಸ್ತ್ರಾಣದ ಪ್ರಾಗಭಾವ. ಅಚ್ಚು ಬಿಡಿಸುವಾಗ ಕಿತ್ತು ಚೂರಾದ ಜೇಡಿಶಿಲ್ಪದ ಪ್ರಧ್ವಂಸಾಭಾವ. ಅಚ್ಚು ಎರಕವಲ್ಲ, ಎರಕ ಅಚ್ಚಲ್ಲ ಎಂಬ ಅನ್ಯೋನ್ಯಾಭಾವ. ಗೇಮಿನ ಮಾದರಿಯಲ್ಲಿ ಒಳಮೈಯ ಅತ್ಯಂತಾಭಾವ. ಆಮೇಲೆ ಎರಕ. ಪಾಲಿಯುರೆಥೇನ್ ರೆಸಿನ್ನಿನ ಎರಡು ದ್ರವಗಳನ್ನು ಬೆರೆಸಿದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅದನ್ನು ಅಚ್ಚಿಗೆ ಸುರಿದು, ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ, ಎಲ್ಲ ದಿಕ್ಕಿಗೂ ಹೊರಳಿಸುತ್ತ ಒಳಗೋಡೆಗೆ ಹತ್ತಿಸಬೇಕು. ಬಿಸಿಯೇರಿ ಗಟ್ಟಿಯಾದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ತೇವ ತಗುಲಿದರೆ ನೊರೆಗಟ್ಟುವ ಈ ದ್ರವವನ್ನು ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೆರೆಸಬಾರದೆಂಬುದು ನಿಷೇಧವಾಕ್ಯವೆಂದು ತಿಳಿಯತಕ್ಕದ್ದು.

ಇದೇನು ಮಹಾ, ಎರಕದ ವಿದ್ಯೆ ನಮ್ಮಲ್ಲಿ ಹಳೆಯದು ಎಂದು ದೇಶಾಭಿಮಾನಿಗಳು ಅಡ್ಡ ಬರುವುದು ಸಹಜ. ಹಳೆಯದೇ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮೇಣದ ಬಿಂಬ ಮಾಡಿ, ಮಣ್ಣು ಬಳಿದು, ಕಾಸಿ ಮೇಣವನ್ನು ಹರಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುವ ಕ್ರಮವಿದೆ. ಮೇಣವನ್ನು ಮೊದಲೇ ತೂಗಿಟ್ಟು ಲೋಹ ಎಷ್ಟು ಬೇಕೆಂದು ಲೆಕ್ಕ ಹಾಕುವ ಜಾಣತನವೂ ಇದೆ. (ಇಡ್ಲಿಯ ವಂಶಾವಳಿಗೆ ಮಾತ್ರ ಈ ಗ್ರಂಥವನ್ನು ತೆರೆಯುವವರು ಇನ್ನಷ್ಟು ಪುಟ ತಿರುಗಿಸಿದರೆ ನಷ್ಟವಿಲ್ಲ.) ಆದರೆ ಅಲ್ಲಿ ಮೇಣ ಕರಗಿ ಹೋಗುತ್ತದೆ, ಮಣ್ಣನ್ನು ಒಡೆಯಬೇಕಾಗುತ್ತದೆ, ಒಂದು ಅಚ್ಚಿಗೆ ಒಂದೇ ವಿಗ್ರಹ, ಯಾವುದು ಮೂಲವೆಂಬ ತಂಟೆಯೇ ಇಲ್ಲ. ಸಿಲಿಕೋನ್ ಅಚ್ಚಾದರೋ ಹಲವು ಎರಕಗಳನ್ನು ಹಡೆಯುತ್ತದೆ. ಆಗ ಯಾವುದು ಮೂಲವೆಂದು ಕೇಳುವವರಿಗೆ ಉತ್ತರ: ಎಲ್ಲವೂ. ಅವಳಿಮಕ್ಕಳಲ್ಲಿ ಎರಡನೆಯದನ್ನು ಮೊದಲನೆಯದರ ನಕಲು ಎಂದು ಯಾವ ತಾಯಿಯೂ ಕರೆದಿಲ್ಲ.

ಪೂರ್ವಪಕ್ಷದ ಕಡೆಯ ಬಾಣ ಹರಿತವಾದದ್ದು. ಈ ರೆಸಿನ್ ಚಿಪ್ಪು ತಲೆಯನ್ನು ಕಾಯುವುದಿಲ್ಲ. ಐಎಸ್‌ಐ ಗುರುತಿಲ್ಲ, ಬೈಕಿನ ಮೇಲೆ ತೊಟ್ಟರೆ ಪೊಲೀಸರು ದಂಡ ಹಾಕುತ್ತಾರೆ, ಬಿದ್ದರೆ ಒಡೆಯುತ್ತದೆ. ಆದ್ದರಿಂದ ನಿಮ್ಮದೂ ಶಿರಸ್ತ್ರಾಣವಲ್ಲ. ಇದಕ್ಕೆ ಉತ್ತರವಾಗಿ ಪರದೆಯ ನಾಯಕನ ಗತಿ ನೋಡಿ. ಅವನನ್ನು ಕಾಯುವುದು ಮೈ ಸುತ್ತಲಿನ ಶಕ್ತಿಕವಚ, ತಲೆಯ ಮೇಲಿನದಲ್ಲ. ಎತ್ತರದಿಂದ ಬಿದ್ದರೆ ಏಳಡಿಯ ಆ ವೀರನೂ ಸಾಯುತ್ತಾನೆ, ಸತ್ತು ಸ್ವಲ್ಪ ಹಿಂದಿನ ಜಾಗದಲ್ಲಿ ಮತ್ತೆ ಎದ್ದು ನಿಲ್ಲುತ್ತಾನೆ. ಕಾಯುವ ವಿಷಯದಲ್ಲಿ ಎರಡೂ ಸಮ. ಇನ್ನು ಉಳಿದದ್ದು ಒಳಗೆ ತಲೆಯಿದೆಯೇ ಎಂಬುದೊಂದೇ, ಅಲ್ಲಿ ನಮ್ಮ ಪಕ್ಷ ಗೆಲ್ಲುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಗಾಳಿ ಎಳೆದು ರೂಪ ಕೊಟ್ಟು ಕೂರಿಸಿದ ಬಂಗಾರದ ಬಣ್ಣದ ಗಾಜು, ತೊಟ್ಟ ಸ್ವಲ್ಪ ಹೊತ್ತಿಗೇ ಒಳಗಿನಿಂದ ಮಬ್ಬಾಗುತ್ತದೆ. ಈ ಶಿರಸ್ತ್ರಾಣ ತಲೆಯುಳ್ಳದ್ದು. ಏಕೆಂದರೆ ಗಾಜು ಮಬ್ಬಾಗಿದೆ. ಎಲ್ಲಿ ಮಬ್ಬೋ ಅಲ್ಲಿ ಉಸಿರು, ಎಲ್ಲಿ ಉಸಿರೋ ಅಲ್ಲಿ ತಲೆ. ಪಾತ್ರೆ ಒರೆಸುವಂತೆ ಕನ್ನಡಕ ಒರೆಸುತ್ತಿರುವ ಯಾರನ್ನಾದರೂ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ಕಾಲದಿಂದ ಇಷ್ಟು ನಿರ್ದುಷ್ಟವಾದ ಅನುಮಾನ ಕಂಡಿರಲಾರದು. ಕೆಲವರು ಮಬ್ಬು ತಡೆಯಲು ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ದವಡೆಯ ಬಳಿ ಕೂರಿಸುತ್ತಾರೆ; ಅಂಥ ಕಡೆ ಹೇತುವೇ ಹಾರಿಹೋಗುತ್ತದೆ, ನಿಜ. ಅವರ ವಿಷಯದಲ್ಲಿ, ಅವರು ಒಮ್ಮೆ ಕೆಮ್ಮುವವರೆಗೆ ತೀರ್ಪನ್ನು ಕಾಯ್ದಿರಿಸಲಾಗಿದೆ.