ಬಡಕಲು ಸಸಿ ಮೀಮಾಂಸೆ

ಸಿಯಾಟಲ್ ಸುತ್ತಮುತ್ತಲಿನ ಬಾತೆಲ್, ರೆಡ್ಮಂಡ್, ಸಮಾಮಿಶ್‌ಗಳ ಕನ್ನಡದ ಮನೆಗಳಲ್ಲಿ ಮಾರ್ಚ್ ಬಂತೆಂದರೆ ದಕ್ಷಿಣದ ಕಿಟಕಿಗೆ ಮಡಿ ಒದಗುತ್ತದೆ. ಪರದೆ ಎಳೆಯುವಂತಿಲ್ಲ, ಅಲ್ಲಿ ಕಾಫಿ ಲೋಟ ಇಡುವಂತಿಲ್ಲ. ಮೊಸರಿನ ಖಾಲಿ ಡಬ್ಬಿಗಳಲ್ಲಿ ಟೊಮೇಟೊ ಸಸಿಗಳು ತಪಸ್ಸಿಗೆ ಕೂತಿರುತ್ತವೆ. ತಪಸ್ಸಿನ ಫಲವಾಗಿ ಗೇಣುದ್ದ ಬೆಳೆದು, ದಾರದಷ್ಟು ತೆಳ್ಳಗಾಗಿ, ಗಾಜಿನ ಕಡೆಗೆ ಸಾಷ್ಟಾಂಗ ಬೀಳುತ್ತವೆ. ಈ ಘಟನೆಯ ಶಾಸ್ತ್ರೀಯ ವಿವೇಚನೆಯೇ ಪ್ರಸ್ತುತ ಪ್ರಬಂಧದ ಉದ್ದೇಶ. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಟ್ಟಿಲ್ಲ, ಕೇಳಿದವರೂ ಇಲ್ಲ.

ಮೊದಲು ಪೂರ್ವಪಕ್ಷ. ಇದನ್ನು ಮಂಡಿಸುವವರು ಆರು ತಿಂಗಳಿಗೆಂದು ಊರಿನಿಂದ ಬಂದ ಅಜ್ಜಿಯರು. "ನಮ್ಮಲ್ಲಿ ತಿಪ್ಪೇಲಿ ಬಿದ್ದ ಬೀಜ ತಾನೇ ಹುಟ್ಟಿ ಬುಟ್ಟಿಗಟ್ಟಲೆ ಬಿಡತ್ತೆ. ನೀನು ದೀಪ ಹಚ್ಚಿ, ಫ್ಯಾನು ಹಾಕಿ ಅದನ್ನ ಕೊಲ್ತಿದೀಯ ಕಣೋ. ಪಾಪ, ಬಾಡಿದೆ, ಒಂದು ಲೋಟ ನೀರು ಹಾಕು." ಈ ವಾದದ ಬೆನ್ನಿಗೆ ಟೊಮೇಟೊಗೆ ಹೆಸರಾದ ಇಡೀ ಕೋಲಾರ ಜಿಲ್ಲೆಯೇ ನಿಂತಿದೆಯಾದ್ದರಿಂದ ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ಸಿದ್ಧಾಂತಿಯ ಉತ್ತರ ಭೂಗೋಳದಿಂದ ಶುರುವಾಗುತ್ತದೆ. ಕೋಲಾರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಸಿಯಾಟಲ್ 47.6ರಲ್ಲಿ. ಮಾರ್ಚ್ 20ರ ಸುಮಾರಿಗೆ ಎರಡೂ ಕಡೆ ಹಗಲು ಹೆಚ್ಚುಕಡಿಮೆ 12 ಗಂಟೆಯೇ. ಆದರೆ ಮಧ್ಯಾಹ್ನದ ಸೂರ್ಯ ಕೋಲಾರದಲ್ಲಿ 77 ಡಿಗ್ರಿ ಎತ್ತರಕ್ಕೇರಿದರೆ ಸಿಯಾಟಲ್‌ನಲ್ಲಿ 42ಕ್ಕೇ ಸುಸ್ತಾಗುತ್ತಾನೆ. ಅದೂ ಮೋಡ ಬಿಟ್ಟರೆ. ಅಲ್ಲಿನ ಮಾರ್ಚ್ ಮೋಡ ಬಿಡುವುದು ಅಪರೂಪ. ಬೆಳಕು ಸಾಲದ ಸಸಿ ಎಲೆಯ ಗೊಡವೆ ಬಿಟ್ಟು ಕಾಂಡವನ್ನೇ ಉದ್ದ ಮಾಡುತ್ತದೆ. ಸಾಷ್ಟಾಂಗವೂ ಭಕ್ತಿಯಿಂದಲ್ಲ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ತುದಿಗೆ ಪುಟ್ಟ ಟೋಪಿ ತೊಡಿಸಿ, ಟೋಪಿ ಹಾಕಿಕೊಂಡವು ಬೆಳಕಿನತ್ತ ಬಾಗುವುದಿಲ್ಲವೆಂದು 1880ರಲ್ಲಿ ಪ್ರಕಟಿಸಿದರು. ಬಾಗು ಎಂಬ ಸಂದೇಶ ತುದಿಯಿಂದಲೇ ಇಳಿಯುತ್ತದೆಂದಾಯಿತು. ಅದನ್ನೊಯ್ಯುವ ರಾಸಾಯನಿಕಕ್ಕೆ ಮುಂದೆ ಆಕ್ಸಿನ್ ಎಂಬ ಹೆಸರು ಬಂತು. ಅದು ನೆರಳಿನ ಬದಿಗೆ ಹೆಚ್ಚು ಸರಿದು ಆ ಬದಿಯನ್ನೇ ಹೆಚ್ಚು ಉದ್ದ ಬೆಳೆಸುವುದರಿಂದ ಸಸಿ ಬಾಗುತ್ತದೆ. ಪರಿಹಾರ: ಗ್ಯಾರೇಜಿಗೆ ಹಾಕುವ ಸಾಧಾರಣ ಎಲ್‌ಇಡಿ ಟ್ಯೂಬನ್ನು ಸಸಿಗಳ ತಲೆಯ ಮೇಲೆ ಮೂರು ಅಂಗುಲದಲ್ಲಿ ನೇತುಹಾಕಿ ದಿನಕ್ಕೆ 14ರಿಂದ 16 ಗಂಟೆ ಉರಿಸುವುದು.

ಲೋಟದ ನೀರಿನ ವಿಚಾರದಲ್ಲಿ ಪೂರ್ವಪಕ್ಷ ಪೂರ್ತಿ ಸೋಲುತ್ತದೆ. ಒದ್ದೆ ಮಣ್ಣು, ನಿಂತ ಗಾಳಿ ಸಿಕ್ಕರೆ ಪಿತಿಯಂ, ರೈಜೋಕ್ಟೋನಿಯಾ ಮೊದಲಾದ ರೋಗಾಣುಗಳು ಕಾಂಡವನ್ನು ಮಣ್ಣಿನ ಮಟ್ಟದಲ್ಲೇ ಹಿಂಡಿಬಿಡುತ್ತವೆ. ರಾತ್ರಿ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಅದನ್ನು ಎಬ್ಬಿಸುವ ಔಷಧವಿಲ್ಲ. ಮೇಲ್ಮಣ್ಣು ಒಣಗಿದ ಮೇಲೆ ತಟ್ಟೆಯಲ್ಲಿ ನೀರಿಟ್ಟು, ಡಬ್ಬಿ ತಳದ ತೂತಿನಿಂದ ಹೀರಿದಷ್ಟು ಹೀರಲಿ ಎಂದು ಬಿಟ್ಟು, ಉಳಿದದ್ದನ್ನು ಚೆಲ್ಲಬೇಕು. ಎಲೆಯ ಕೆಳಗೆ ನೇರಳೆ ಬಣ್ಣ ಕಂಡರೆ ಬದನೆ ಬೀಜ ಬೆರೆತಿದೆ ಎಂಬ ವ್ಯಾಖ್ಯಾನ ಅಗ್ರಾಹ್ಯ. ಬೇರು ತಣ್ಣಗಿದ್ದು ರಂಜಕ ಹೀರಲಾಗುತ್ತಿಲ್ಲ, ಅಷ್ಟೇ.

ಆದರೆ ಅಜ್ಜಿಯರು ಒಂದು ಕಡೆ ಗೆಲ್ಲುತ್ತಾರೆ, ಅದೂ ಗೊತ್ತಿಲ್ಲದೆ. ಹೋಗುತ್ತ ಬರುತ್ತ ಸಸಿಗಳ ತಲೆ ಸವರುವುದು ಅವರ ರೂಢಿ. ಮುಟ್ಟಿಸಿಕೊಂಡ ಗಿಡ ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತದೆಂದು ಅಮೆರಿಕದ ಮಾರ್ಕ್ ಜಾಫೆ 1973ರಲ್ಲಿ ತೋರಿಸಿ ಅದಕ್ಕೆ ಥಿಗ್ಮೋಮಾರ್ಫೋಜೆನೆಸಿಸ್ ಎಂದು ನಾಮಕರಣ ಮಾಡಿದರು. ಅಜ್ಜಿಯರು ಆ ಹೆಸರಿಲ್ಲದೆಯೇ ಸವರುತ್ತಿದ್ದಾರೆ. ಫ್ಯಾನಿನ ಸಣ್ಣ ಗಾಳಿಯೂ ಅದೇ ಕೆಲಸ ಮಾಡುತ್ತದೆಂಬುದನ್ನು ಮಾತ್ರ ಅವರು ಇನ್ನೂ ಒಪ್ಪಿಲ್ಲ.

ರೋಗದಿಂದಲ್ಲ, ಬೆಳಕು ಸಾಲದೆ ಈಗಾಗಲೇ ಬಿದ್ದ ಸಸಿಯ ಗತಿಯೇನು? ಟೊಮೇಟೊ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಆಳದ ಕುಂಡದಲ್ಲಿ ಮೇಲಿನ ಎಲೆಗಳವರೆಗೂ ಹೂತರೆ ಬಡಕಲುತನವೇ ಬೇರಾಗುತ್ತದೆ. ಮೇ ನಡುವಿಗೆ, ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ವಾರ ಹತ್ತು ದಿನ ಹೊರಗಿಟ್ಟು ಒಳಗಿಟ್ಟು ಪಳಗಿಸಿ ನೆಡಬೇಕು. ತಳಿಯಲ್ಲಿ ದೇಶಾಭಿಮಾನ ಸಲ್ಲದು. ಹೆಸರಘಟ್ಟದ ಅರ್ಕಾ ರಕ್ಷಕ್‌ಗಿಂತ ಚೆಕ್ ದೇಶದ ಬೇಗ ಹಣ್ಣಾಗುವ ಸ್ಟುಪಿಸ್ ಸಿಯಾಟಲ್‌ನ ಚಳಿಗೆ ಒಗ್ಗುತ್ತದೆ.

ಕೊನೆಗೊಂದು ಆಪದ್ಧರ್ಮ. ಸಿಯಾಟಲ್‌ನ ಟಿಲ್ತ್ ಅಲಯನ್ಸ್ ಸಂಸ್ಥೆ ಮೇ ತಿಂಗಳಲ್ಲಿ ತರಕಾರಿ ಸಸಿಗಳ ಮಾರಾಟ ನಡೆಸುತ್ತ ಬಂದಿದೆ. ಸರ್ವನಾಶವಾದ ಮನೆಯವರು ಅಲ್ಲಿಂದ ದಷ್ಟಪುಷ್ಟ ಗಿಡವೊಂದನ್ನು ತಂದು ಹಿತ್ತಲಲ್ಲಿ ನೆಡುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ಅದರ ಫೋಟೊ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗುವ ಮುನ್ನ ಕುಂಡದ ಬೆಲೆಚೀಟಿ ಕಿತ್ತಿರಬೇಕು.