ತಂತಿ ಬೇಸಾಯ

ಮಂಡ್ಯದ ಟೀ ಅಂಗಡಿಯಲ್ಲಿ ಬಾಯಿಗೆ ಬಂದ ಅಂಕಿ ಹೇಳಬಾರದು. ಮೊನ್ನೆ ಮೂಲೆ ಬೆಂಚಿನಲ್ಲಿ ಕೂತಿದ್ದ ಹುಡುಗ ಫೋನಿಗೆ, "ನೂರ ಇಪ್ಪತ್ತೈದು ಸಾಲಲ್ಲ ಮಚ್ಚಾ, ನೂರ ನಲವತ್ತೈದಾದ್ರೂ ಬೇಕು" ಅಂದ. ಅಂಗಡಿ ಸ್ತಬ್ಧ. ಹಿರಿಯರೊಬ್ಬರು ಲೋಟ ಕೆಳಗಿಟ್ಟು, "ನೂರ ನಲವತ್ತೈದಾ? ಕಟ್ಟೆ ಉಳಿದಾತೇನ್ಲಾ?" ಎಂದು ಪಂಚೆ ಎತ್ತಿ ಕಟ್ಟಿಕೊಂಡರು. ಕನ್ನಂಬಾಡಿ ಕಟ್ಟೆ ತುಂಬುವುದೇ 124.80 ಅಡಿಗೆ. ನಮ್ಮ ಕಡೆ ನೂರರ ಮೇಲಿನ ಅಂಕಿಗೆ ಅದೊಂದೇ ಅರ್ಥ.

ಹುಡುಗ ಹೇಳಿದ್ದು ತಂತಿಯ ದಪ್ಪ. ಇಂಚನ್ನು ಸಾವಿರ ಹೋಳು ಮಾಡಿದರೆ ಅದರಲ್ಲಿ ನೂರ ನಲವತ್ತೈದು ಹೋಳು. ಮೂರೂ ಮುಕ್ಕಾಲು ಮಿಲಿಮೀಟರಿಗೆ ಚೂರು ಕಮ್ಮಿ.

ಇವನನ್ನು ನೀವೂ ನೋಡಿದ್ದೀರಿ. ಎಂಜಿನಿಯರಿಂಗ್ ಮುಗಿದಿದೆ, ಗಡ್ಡ ಮುಗಿದಿಲ್ಲ. ಏಪ್ರಿಲ್ ಬಿಸಿಲಲ್ಲೂ ಕರೀ ಟೀ ಶರ್ಟು. ಬೆನ್ನಿಗೆ ತನಗಿಂತ ಎತ್ತರದ ಚೀಲ. ಬಸ್ಸು ಹತ್ತಿದರೆ ಕಂಡಕ್ಟರು ಎರಡು ಟಿಕೆಟ್ ಹರಿಯುತ್ತಾನೆ. ಬೀದಿಯಲ್ಲಿ ಇವನ ಹೆಸರು ಬೇಸಣ್ಣ. ಓದು ಮುಗಿಸಿ ಬಂದ ದಿನ ಅಪ್ಪನ ಮುಂದೆ ನಿಂತು "ಇನ್ಮೇಲೆ ಬೇಸೇ ನನ್ನ ಜೀವನ" ಎಂದಿದ್ದ. ಮಗ ಬೇಸಾಯಕ್ಕೆ ಮನಸ್ಸು ಮಾಡಿದನೆಂದು ಅಪ್ಪ ಆನಂದಬಾಷ್ಪ ಸುರಿಸಿ ಊರಿಗೆಲ್ಲ ಹೇಳಿಕೊಂಡು ಬಂದರು. ನಿಜ ಗೊತ್ತಾಗುವಷ್ಟರಲ್ಲಿ ಗಿಟಾರು ಮನೆ ಹೊಕ್ಕಿತ್ತು.

ಬೇಸಣ್ಣನ ಸಂಕಟ ಕೇಳಬೇಡಿ. ಕೇಳದಿದ್ದರೂ ಹೇಳುತ್ತಾನೆ. ಮಾಮೂಲಿ ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ನಡುಗುತ್ತದೆ. ಇವನ ತಂಡ ಬಾರಿಸುವ ಮೆಟಲ್ ಸಂಗೀತಕ್ಕೆ 27.5 ಬೇಕು. ಅದು ಪಿಯಾನೋದ ಎಡತುದಿಯ ಕಡೇ ಮನೆ. ಹಳೇ ತಂತಿಯನ್ನೇ ಬಿರಡೆ ತಿರುಗಿಸಿ ಅಲ್ಲಿಗಿಳಿಸಿದರೆ ಬಿಗಿ ಅರ್ಧಕ್ಕಿಂತ ಕಮ್ಮಿಯಾಗಿ, ಒದ್ದೆ ಪಂಚೆ ಹರವಿದ ಹಗ್ಗದ ಹಾಗೆ ಜೋಲುತ್ತದೆ. ದಪ್ಪ ತಂತಿ ಹಾಕೋಣವೆಂದರೆ ಅದು ಕಬ್ಬಿಣದ ಸರಳಿನಂತೆ ಸೆಟೆದು ಸ್ವರದ ಬದಲು 'ಥಡ್' ಎನ್ನುತ್ತದೆ. ಉಳಿದ ದಾರಿ ಉದ್ದ. ಗಿಟಾರು ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂತಿ ನಡುಗುವ ಉದ್ದವನ್ನು 34 ಇಂಚಿಗೆ ನಿಲ್ಲಿಸಿದ್ದ. ಇವನ ವಾದ್ಯ 37 ಇಂಚು. ಆ ಮೂರು ಇಂಚಿಗೆ ಅದೇ ತಂತಿ, ಅದೇ ಸ್ವರದಲ್ಲಿ, ನೂರಕ್ಕೆ ಹದಿನೆಂಟು ಪಾಲು ಹೆಚ್ಚು ಬಿಗಿಯಾಗುತ್ತದೆ. ಇಷ್ಟನ್ನೂ ಕೇಳಿಸಿಕೊಂಡ ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: "ಗಾಡಿ ಉದ್ದ ಮಾಡ್ಕೊಂಡು ಈಗ ಹಗ್ಗ ಹುಡುಕ್ತಾವ್ನೆ."

ಹುಡುಕಾಟ ಅಂದರೆ ಹೆಣ್ಣು ನೋಡಿದ ಹಾಗೆ. ಒಳಗಿನ ಎಳೆ ದುಂಡಗಿರಬೇಕೋ, ಆರು ಮೂಲೆಯದಿರಬೇಕೋ? ಮೇಲಿನ ಸುತ್ತು ನಿಕಲ್ಲೋ, ಸ್ಟೀಲೋ? ಸೇತುವೆಯ ಮೇಲೆ ಕೂರುವ ತುದಿ ಸಪೂರವಾಗಿದ್ದರೆ ಸ್ವರ ಶುದ್ಧವಂತೆ, ಇಲ್ಲದಿದ್ದರೆ ಮೈ ತುಂಬಿದ ನಾದವಂತೆ. ಎಲ್ಲಕ್ಕೂ ಇವನಲ್ಲಿ ಪರ ವಿರೋಧ ಎರಡೂ ಸಿದ್ಧ. ಈ ನಡುವೆ ಅಪ್ಪ ನೆಟ್ಟ ಕಬ್ಬು ಆಳೆತ್ತರ ಬೆಳೆದು, ಕಡಿದು, ಲಾರಿ ಹತ್ತಿ ಹೋಯಿತು. ಕೂಳೆ ಬೆಳೆಯೂ ಮೊಳಕಾಲುದ್ದ ಬಂತು. ಇವನ ತಂತಿ ಇನ್ನೂ ಆಯ್ಕೆಯ ಹಂತದಲ್ಲೇ ಇತ್ತು.

ಕೊನೆಗೊಂದು ದಿನ ಬೆಂಗಳೂರಿಗೆ ನನ್ನನ್ನೂ ಎಳೆದುಕೊಂಡು ರೈಲು ಹತ್ತಿದ. ಮದ್ದೂರು ಬಂತು. 1917ರಿಂದ ಈ ನಿಲ್ದಾಣದಲ್ಲಿ ವಡೆ ತಿನ್ನುತ್ತ ಬಂದವರಲ್ಲಿ ಯಾರೂ ಅದನ್ನು ಇವನು ಕಂಡ ಕಣ್ಣಲ್ಲಿ ಕಂಡಿರಲಾರರು. "ನೋಡಿ ಸಾರ್, ಬಿಸಿ ವಡೆ ಕುರುಂ ಅನ್ನುತ್ತಲ್ಲ, ಅದು ಹೊಸ ಸ್ಟೀಲ್ ತಂತಿ. ಆರಿದ್ದು ನಿಕಲ್. ಚಟ್ನಿಯಲ್ಲಿ ನೆನೆದದ್ದು ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್." ಎಣ್ಣೆ ಕೈ ತಾಗಿದರೆ ತಂತಿ ಸಾಯುತ್ತದೆಂದು ವಡೆಯನ್ನು ಬೆರಳಿಂದ ಮುಟ್ಟಲಿಲ್ಲ, ಪೇಪರಲ್ಲಿ ಹಿಡಿದು ಮೇಕೆ ಸೊಪ್ಪು ತಿಂದಂತೆ ತಿಂದ. ವಡೆಯ ಜೊತೆ ಪೇಪರೂ ಸ್ವಲ್ಪ ಒಳಗೆ ಹೋಯಿತು.

ಅಂಗಡಿಯಲ್ಲಿ ನೂರ ಮೂವತ್ತರ ಮೇಲೆ ಇರಲಿಲ್ಲ. ಹೊರದೇಶದಿಂದ ತರಿಸಿದ. ಅಪ್ಪನ ಲೆಕ್ಕದಲ್ಲಿ ಒಂದು ಟನ್ ಕಬ್ಬು ಅಂಗೈಯಗಲದ ಕವರಿನಲ್ಲಿ ಬಂದು ಬಿತ್ತು. ಬೇಸಣ್ಣ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ, ತಂತಿ ಎಳೆದ. ದಪ್ಪ ಭಾಗ ಕೊನೆ ಮುಟ್ಟುವ ಮೊದಲೇ ಮುಗಿದು, ದಾರ ಸುತ್ತಿದ ಸಪೂರ ತುದಿ ಮೊದಲನೇ ಮನೆಯ ಮೇಲೇ ಬಂದು ಕೂತಿತು. ಲೋಹ, ಎಳೆ, ಸುತ್ತು, ಬಿಗಿ ಎಲ್ಲ ವಿಚಾರಿಸಿದ್ದ ಮಹಾನುಭಾವ ಉದ್ದ ಕೇಳುವುದನ್ನು ಮರೆತಿದ್ದ. ಅದು 34 ಇಂಚಿನವರ ತಂತಿ.

ಗಣೇಶನ ಹಬ್ಬಕ್ಕೆ ಮಳವಳ್ಳಿಯಲ್ಲಿ ಆರ್ಕೆಸ್ಟ್ರಾ ಒಪ್ಪಿಕೊಂಡಾಗಿತ್ತು. ಹಳೇ ತಂತಿಯ ಜಿಡ್ಡು ತೆಗೆದರೆ ನಾದ ಮರಳುತ್ತದೆಂದು ಬಿಚ್ಚಿ ನೀರಲ್ಲಿ ಕುದಿಯಲು ಇಟ್ಟ. ಅವ್ವ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಅಯ್ಯೋ, ಬೇಸ್ ತಂತಿ ಬೇಸ್ತಾವ್ನೆ ಕಣ್ರೀ" ಎಂದು ಕೂಗಿದರು. ಜಗುಲಿಯಿಂದ ಅಪ್ಪ, "ಬೆಂದ ಮ್ಯಾಲೆ ಸಾರಾ, ಬಸ್ಸಾರಾ?" ಅಂದರು.

ಮಳವಳ್ಳಿಯ ಪೆಂಡಾಲಿನಲ್ಲಿ ಅರ್ಥಿಂಗ್ ಸರಿಯಿರಲಿಲ್ಲ. ಸ್ಪೀಕರು ಮೊದಲಿಂದ ಕೊನೆಯತನಕ ಗುಂಯ್ ಎನ್ನುತ್ತಲೇ ಇತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಅಂದರೆ ಕೆಳಗಿನ 'ಜಿ' ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ. ಪೆಂಡಾಲಿನ ಡಬ್ಬಗಳು 27ರ ಆಳಕ್ಕೆ ಇಳಿಯುವ ಜಾತಿಯವಲ್ಲ. ಜನ ಗುಂಯ್ ಶಬ್ದವನ್ನೇ ಬೇಸೆಂದು ತಿಳಿದು ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಸಮಾಧಾನಕ್ಕೆಂದು ನಾನು ಶಿವನಸಮುದ್ರದ ಕಥೆ ತೆಗೆದೆ. ಅದೂ ಮಳವಳ್ಳಿ ತಾಲ್ಲೂಕೇ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ಕರೆಂಟು 50ರದ್ದಲ್ಲ, 25 ಸುತ್ತಿನದು. ಬೇಸಣ್ಣ ಬೈಕು ನಿಲ್ಲಿಸಿದ. ಹೆಲ್ಮೆಟ್ ತೆಗೆದ. "ಅಂದ್ರೆ ನೂರಿಪ್ಪತ್ತು ವರ್ಷದ ಹಿಂದೆ ಈ ತಾಲ್ಲೂಕು ನನಗಿಂತ ಕೆಳಗಿತ್ತು. ಕೆಡಿಸಿದ್ದೇ ಆಮೇಲೆ ಬಂದವರು" ಎಂದು ಹೊಳೆಯ ದಿಕ್ಕಿಗೆ ಕೈ ಮುಗಿದ.

ಎರಡನೇ ಟನ್ ಕಬ್ಬಿಗೆ ಉದ್ದ ಸರಿಯಿದ್ದ ತಂತಿ ಬಂತು. ಏರಿಸಿ ಮೀಟಿದ. ನನಗೇನೂ ಕೇಳಿಸಲಿಲ್ಲ, ಕೂತ ಕುರ್ಚಿ ಮಾತ್ರ ಸಣ್ಣಗೆ ನಡುಗಿತು. ಅಡುಗೆಮನೆಯಿಂದ ಅವ್ವ ಅಂದರು: "ಲೋ, ಇನ್ನೊಂದ್ಚೂರು ಬಿಗಿ ಮಾಡ್ಲಾ. ಸರ್ಯಾಗಿದ್ರೆ ಗೂಡಿನ ಮೂರನೇ ಲೋಟ ಗೆಜ್ಜೆ ಆಡಿಸ್ದಂಗೆ ಆಡ್ತದೆ. ಇವತ್ತು ಸುಮ್ಕದೆ."

ಬೇಸಣ್ಣ ಬಿರಡೆಯನ್ನು ಕಾಲು ಸುತ್ತು ತಿರುಗಿಸಿದ. ಮೀಟಿದ. ಒಳಗೆ ಲೋಟ ಝಿಣಿ ಝಿಣಿ ಎಂದಿತು. ವರ್ಷಗಟ್ಟಲೆ ಯಾರ ಮಾತನ್ನೂ ಒಪ್ಪದವನು ಲೋಟದ ಮಾತಿಗೆ ತಲೆದೂಗಿದ.

ಆಮೇಲೆ ಹೋದಾಗಲೆಲ್ಲ ನೋಡುತ್ತೇನೆ: ಗೂಡಿನಲ್ಲಿ ಆ ಲೋಟ ಒಂದೇ ತೊಳೆದು ಒರೆಸಿ ಬೋರಲು ಕೂತಿರುತ್ತದೆ, ನನಗೆ ಕಾಫಿ ಅಂಚು ನೆಗ್ಗಿದ್ದರಲ್ಲಿ ಬರುತ್ತದೆ. ಒಮ್ಮೆ ತಡೆಯದೆ ಕೇಳಿದೆ. ಅವ್ವ ಸೆರಗಲ್ಲಿ ಕೈ ಒರೆಸಿಕೊಂಡು, "ಅದು ಡ್ಯೂಟೀಲದೆ ಕಣಪ್ಪ" ಎಂದರು.